ನಾಗಲೂಟಿಯ ಮಂಟಪ, ಪೆದ್ದಚೆರುವಿನ ರಾತ್ರಿ

ಹೋಳಿ ಹುಣ್ಣಿಮೆಯ ಬಣ್ಣ ಗೋಡೆಗಳ ಮೇಲೆ ಇನ್ನೂ ಮಾಸಿರುವುದಿಲ್ಲ. ಅಷ್ಟರಲ್ಲಿಯೇ ನಮ್ಮ ಸೀಮೆಯ ರಸ್ತೆಗಳಲ್ಲಿ ಮಲ್ಲಯ್ಯನ ಭಕ್ತರ ಸಾಲು ಕಾಣತೊಡಗುತ್ತದೆ. ರಬಕವಿ–ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಜಮಖಂಡಿ, ಮುಧೋಳ, ಬೀಳಗಿ ಹೀಗೆ ಊರೂರಿನಿಂದ ತಂಡಗಳು ಹೊರಡುತ್ತವೆ. ಮುಂದೆ ಅಲಂಕರಿಸಿದ ಕಂಬಿ, ಹಿಂದೆ ಹೆಗಲಿಗೆ ಜೋಳಿಗೆ ಹಾಕಿಕೊಂಡ ಗಂಡಸರು, ತಲೆಯ ಮೇಲೆ ಬುತ್ತಿಯ ಗಂಟು ಹೊತ್ತ ಹೆಂಗಸರು. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಯುಗಾದಿಯ ಹೊತ್ತಿಗೆ ಶ್ರೀಶೈಲ ಸೇರಬೇಕು. ನಮ್ಮ ಜನ ಶ್ರೀಶೈಲವೆನ್ನುವುದು ಕಡಿಮೆ. 'ಪರ್ವತಕ್ಕೆ ಹೊಂಟೇವಿ' ಎನ್ನುತ್ತಾರೆ. ಯಾವ ಪರ್ವತವೆಂದು ಕೇಳುವ ಅಗತ್ಯ ಇಲ್ಲಿ ಯಾರಿಗೂ ಬೀಳುವುದಿಲ್ಲ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕುಳಿತರೆ ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಆಕೆ ತನ್ನ ಜೀವಮಾನದಲ್ಲಿ ಏಳು ಸಲ ಪರ್ವತಕ್ಕೆ ನಡೆದು ಹೋಗಿ ಬಂದವಳು. ಅಕ್ಷರ ಬಾರದವಳು. ಆದರೆ ರಾಟೆಯ ಸದ್ದಿನ ನಡುವೆ ಆಕೆ ದಾರಿಯ ತಂಗುದಾಣಗಳನ್ನು ಒಂದೊಂದಾಗಿ, ನಮಗೆ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದಂತೆ ಹೇಳುತ್ತಿದ್ದಳು.

"ಆತ್ಮಕೂರಿಗಿ ಬಂದ್ರ ಊರು ಮುಗೀತಪಾ ತಮ್ಮಾ. ಮುಂದ ಯೆಂಕಟಾಪುರ. ಅಲ್ಲಿಂದ ಅಡವಿ. ನಾಗಲೂಟಿ ಈರಭದ್ರನ ಗುಡಿ, ಪೆದ್ದಚೆರುವು, ಮಠದ ಬಾವಿ, ಭೀಮನ ಕೊಳ್ಳ, ಕೈಲಾಸದ ಬಾಗಲಾ. ಬಾಗಲದಾಗ ನಿಂತ್ರ ಸಾಕು, ಮಲ್ಲಯ್ಯ ಬಂದಂಗ."

ನಾನು ಬಿ.ಎ. ಓದಿ, ಬಿ.ಇಡಿ. ಮುಗಿಸಿ, ಜಮಖಂಡಿಯಲ್ಲಿ ಇತಿಹಾಸದ ಮಾಸ್ತರನಾದೆ. ಪಟವರ್ಧನರ ರಾಮಚಂದ್ರ ಅರಮನೆ, ಮುಧೋಳದ ಘೋರ್ಪಡೆಯವರ ಸಂಸ್ಥಾನ, 1948ರಲ್ಲಿ ಇವೆರಡೂ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಸಂಗತಿ, ಇವುಗಳನ್ನೆಲ್ಲ ಮೂರು ದಶಕಗಳ ಕಾಲ ಹಲಗೆಯ ಮೇಲೆ ಬರೆದು ಪಾಠ ಮಾಡಿದೆ. ಅವ್ವನ ಆ ಪಟ್ಟಿಯನ್ನು ಮಾತ್ರ ಇತಿಹಾಸವೆಂದು ನಾನು ಒಂದು ದಿನವೂ ಎಣಿಸಲಿಲ್ಲ. ಅದು ಭಕ್ತಿಯ ಮಾತು, ಹೆಂಗಸರ ಮಾತು ಎಂದು ಬದಿಗಿಟ್ಟಿದ್ದೆ. ಈ ಲೇಖನವನ್ನು ನನ್ನ ಆ ತಪ್ಪಿನ ಒಪ್ಪಿಗೆಯೆಂದು ಓದುಗರು ತಿಳಿದರೂ ತಪ್ಪಿಲ್ಲ.

ಮೊದಲು ಸ್ಥಳದ ಪರಿಚಯ. ಶ್ರೀಶೈಲವು ನಲ್ಲಮಲ ಬೆಟ್ಟಗಳ ನಡುವೆ, ಕೃಷ್ಣೆಯ ಆಳವಾದ ಕಮರಿಯ ಮೇಲೆ ನೆಲೆಸಿದೆ. ಜಮಖಂಡಿಯ ಸಮೀಪ ನಾವು ಮೀಯುವ ಹೊಳೆಯೇ ಅಲ್ಲಿ ಪಾತಾಳಗಂಗೆ. ಈ ಕ್ಷೇತ್ರಕ್ಕೆ ನಾಲ್ಕು ದ್ವಾರಗಳೆಂದು ಹೇಳುವ ವಾಡಿಕೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಇವುಗಳಲ್ಲಿ ನಮ್ಮ ಕಡೆಯ ಬಾಗಿಲು ಆಲಂಪುರ. ತುಂಗಭದ್ರೆ ಕೃಷ್ಣೆಯನ್ನು ಕೂಡುವ ಆ ಪ್ರದೇಶದಲ್ಲಿ ನಮ್ಮದೇ ಜಿಲ್ಲೆಯ ಬಾದಾಮಿ ಚಾಲುಕ್ಯರು 7–8ನೆಯ ಶತಮಾನಗಳಲ್ಲಿ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದರು. ಐಹೊಳೆ, ಪಟ್ಟದಕಲ್ಲುಗಳನ್ನು ಕಂಡ ಕಣ್ಣಿಗೆ ಅವುಗಳ ಗುರುತು ಕೂಡಲೇ ಸಿಕ್ಕುತ್ತದೆ. ಬಾಗಲಕೋಟೆ ಸೀಮೆಯಿಂದ ಶ್ರೀಶೈಲದ ಕಡೆಗೆ ಜನ ಹೋಗಿ ಬಂದು ಮಾಡುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ ಎನ್ನುವುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಹನ್ನೆರಡನೆಯ ಶತಮಾನದ ಮಾತು ಬಂದರಂತೂ ಹೇಳಬೇಕಾದ್ದೇ ಇಲ್ಲ. ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟು ಕದಳಿಯ ಬನ ಸೇರಿದ್ದು ಇದೇ ಪರ್ವತದಲ್ಲಿ. ಸೊನ್ನಲಿಗೆಯ ಬಾಲಕ ಸಿದ್ಧರಾಮ ಮಲ್ಲಯ್ಯನನ್ನು ಅರಸುತ್ತ ಓಡಿ ಬಂದನೆಂಬ ಕಥೆಯೂ ಇಲ್ಲಿಯದೇ.

ಆತ್ಮಕೂರಿನಿಂದ ಶ್ರೀಶೈಲಕ್ಕೆ ಕಾಲುದಾರಿಯಲ್ಲಿ 40 ಕಿ.ಮೀ. ಆಸುಪಾಸು ಅಡವಿ. ಬಯಲುಸೀಮೆಯವರಾದ ನಮಗೆ ಅಡವಿಯೆಂದರೆ ಬೀಳಗಿ–ಮುಧೋಳಗಳ ನಡುವಿನ ಯಡಹಳ್ಳಿಯ ಕುರುಚಲು ಕಾಡು. ಅಲ್ಲಿ ಚಿಂಕಾರ ಜಿಗಿಯುತ್ತದೆ, ತೋಳ ಸುಳಿಯುತ್ತದೆ, ಆದರೆ ತಲೆಯ ಮೇಲಿನ ಆಕಾಶ ಎಲ್ಲಿಯೂ ಮರೆಯಾಗುವುದಿಲ್ಲ. ನಲ್ಲಮಲ ಹಾಗಲ್ಲ. ಅದು ಹುಲಿಯ ಕಾಡು. ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಯುಗಾದಿ ಬರುವುದು ಅಮಾವಾಸ್ಯೆಯ ಮರುದಿನ. ಎಂದರೆ ಯುಗಾದಿಗೆ ತಲುಪಬೇಕಾದ ನಡಿಗೆಯವರು ಅಡವಿಯನ್ನು ದಾಟುವುದು ಪ್ರತಿ ವರ್ಷವೂ ಬೆಳದಿಂಗಳಿಲ್ಲದ ರಾತ್ರಿಗಳಲ್ಲಿಯೇ. ಅದು ಬೇಸಿಗೆ ಬೇರೆ. ಮರಗಳು ಎಲೆ ಉದುರಿಸಿರುತ್ತವೆ, ಹಳ್ಳಗಳು ಬತ್ತಿರುತ್ತವೆ. ಕತ್ತಲು ಮತ್ತು ನೀರಡಿಕೆ, ಈ ಎರಡೇ ಆ ದಾರಿಯ ಇತಿಹಾಸವನ್ನು ಬರೆದಿವೆ ಎಂದು ಈಗ ನನಗೆ ಅನಿಸುತ್ತದೆ.

ಅವ್ವನ ಪಟ್ಟಿಯನ್ನು ಈ ದೃಷ್ಟಿಯಿಂದ ನೋಡಿರಿ. ನಾಗಲೂಟಿಯಲ್ಲಿ ವೀರಭದ್ರನ ಗುಡಿಯ ಮಗ್ಗುಲಿಗೆ ಕಲ್ಲಿನ ಮೆಟ್ಟಿಲುಗಳ ಪುಷ್ಕರಣಿಯಿದೆ. ಪೆದ್ದಚೆರುವು ಎಂದರೆ ತೆಲುಗಿನಲ್ಲಿ ದೊಡ್ಡ ಕೆರೆ. ಮಠದ ಬಾವಿಯಂತೂ ಹೆಸರಿನಲ್ಲಿಯೇ ಬಾವಿ. ಭೀಮನ ಕೊಳ್ಳದಲ್ಲಿ ಕಮರಿಯ ತಳದ ಮಡು. ಒಂದೊಂದು ತಂಗುದಾಣವೂ ಒಂದೊಂದು ನೀರಿನ ಸೆಲೆ. ಅವುಗಳ ನಡುವಿನ ಅಂತರ, ಹೊರೆ ಹೊತ್ತ ಮನುಷ್ಯ ಒಂದು ನೀರಿನಿಂದ ಮತ್ತೊಂದು ನೀರಿಗೆ ಸಾಯದೆ ನಡೆಯಬಹುದಾದ ಅಂತರ. ಇದನ್ನು ಯಾವ ಅರಸನೂ ನಕ್ಷೆ ಹಾಸಿ ಗೊತ್ತುಪಡಿಸಲಿಲ್ಲ. ನಡೆದವರ ಕಾಲು ಗೊತ್ತುಪಡಿಸಿತು, ಅರಸರು ಬಂದು ಅಲ್ಲಿ ಕಲ್ಲು ನಿಲ್ಲಿಸಿದರು.

ಕಲ್ಲು ನಿಲ್ಲಿಸಿದವರಲ್ಲಿ ಮೊದಲು ನೆನೆಯಬೇಕಾದವನು ರೆಡ್ಡಿ ರಾಜ್ಯದ ಸ್ಥಾಪಕ ಪ್ರೋಲಯ ವೇಮಾರೆಡ್ಡಿ. 14ನೆಯ ಶತಮಾನದ ಪೂರ್ವಾರ್ಧದಲ್ಲಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲುಗಳನ್ನು ಕಟ್ಟಿಸಿದ ಕೀರ್ತಿ ಅವನದು. ಅದೇ ವಂಶದ ಅನವೇಮಾರೆಡ್ಡಿ 1377ರಲ್ಲಿ ಶ್ರೀಶೈಲದ ಗುಡಿಯಲ್ಲಿ ವೀರಶಿರೋಮಂಟಪವನ್ನು ಕಟ್ಟಿಸಿದನು. ಬಳಿಕ ವಿಜಯನಗರದವರು ಬಂದರು. ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆ ಪಾತಾಳಗಂಗೆಗೆ ಮೆಟ್ಟಿಲು ಕಟ್ಟಿಸಿದಳು. ಕೃಷ್ಣದೇವರಾಯನು ತೇರಿನ ಬೀದಿಯ ಎರಡೂ ಬದಿಗೆ ಸಾಲುಮಂಟಪಗಳನ್ನು ಕಟ್ಟಿಸಿದನು. 1677ರಲ್ಲಿ ಛತ್ರಪತಿ ಶಿವಾಜಿ ದಕ್ಷಿಣದ ದಂಡಯಾತ್ರೆಯ ನಡುವೆ ಇಲ್ಲಿಗೆ ಬಂದು ಹೋದನು. ಇವೆಲ್ಲ ಪುಸ್ತಕಗಳಲ್ಲಿವೆ, ನಾನೂ ಪಾಠ ಮಾಡಿದ್ದೇನೆ. ಆದರೆ ಗುಡಿಯ ಮಂಟಪಕ್ಕೂ ಅಡವಿಯ ಮಂಟಪಕ್ಕೂ ಒಂದು ಭೇದವಿದೆ. ಗುಡಿಯ ಮಂಟಪದಲ್ಲಿ ಕಟ್ಟಿಸಿದವನ ಹೆಸರು ಶಾಸನದಲ್ಲಿರುತ್ತದೆ. ಅಡವಿಯ ಮಂಟಪದಲ್ಲಿ ಒಲೆಯ ಹೊಗೆಯ ಕಪ್ಪು ಇರುತ್ತದೆ. ಆ ಕಪ್ಪೂ ಒಂದು ಶಾಸನವೆಂದು ತಿಳಿಯಲು ನನಗೆ ಅರವತ್ತು ವರ್ಷ ಬೇಕಾಯಿತು.

ಈ ದಾರಿಯ ಕಥೆಯಲ್ಲಿ ಚೆಂಚರನ್ನು ಬಿಟ್ಟರೆ ಕಥೆಯೇ ಇಲ್ಲ. ನಲ್ಲಮಲದ ಮೂಲ ನಿವಾಸಿಗಳು ಅವರು. ಬೇಟೆ, ಗೆಡ್ಡೆಗೆಣಸು, ಜೇನು ಅವರ ಬದುಕು. ಮಲ್ಲಿಕಾರ್ಜುನನನ್ನು ಅವರು ತಮ್ಮ ಮನೆಯ ಅಳಿಯನೆಂದು, ಚೆಂಚು ಮಲ್ಲಯ್ಯನೆಂದು ಕರೆಯುತ್ತಾರೆ. ನಮ್ಮವರ ಲೆಕ್ಕವೂ ಬೇರೆಯೇನಲ್ಲ. ಕನ್ನಡ ನಾಡಿನ ಭಕ್ತರಿಗೆ ಭ್ರಮರಾಂಬೆ ತವರಿನ ಮಗಳು. ಆಕೆಗೆ ಅರಿಷಿಣ, ಕುಂಕುಮ, ಬಳೆ, ಸೀರೆ ಒಯ್ಯುವುದು ವಾಡಿಕೆ. ಅವ್ವ ಪ್ರತಿ ಸಲವೂ ಅಪ್ಪ ನೇಯ್ದ ಸೀರೆಯೊಂದನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಹಾಗಾದರೆ ಮಲ್ಲಯ್ಯ ಚೆಂಚರಿಗೂ ಅಳಿಯ, ನಮಗೂ ಅಳಿಯ. ಅವ್ವನ ಮಾತಿನಲ್ಲಿ ಹೇಳುವುದಾದರೆ "ಅವರೂ ನಾವೂ ಬೀಗರು." ಯಾತ್ರೆಯ ಕಾಲದಲ್ಲಿ ದಾರಿ ತೋರುವುದು, ಪಂಜು ಹಿಡಿಯುವುದು, ಯಾತ್ರಿಕರನ್ನು ಕಾಯುವುದು ಅವರ ಹಳೆಯ ಕಾಯಕವಾಗಿತ್ತು. ಹೈಮೆಂಡಾರ್ಫ್ ಎಂಬ ಮಾನವಶಾಸ್ತ್ರಜ್ಞರು 1943ರಲ್ಲಿ ಅವರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು.

ಇನ್ನು ನನ್ನ ಕಣ್ಣು ತೆರೆಯಿಸಿದ ಪುಸ್ತಕದ ಸಂಗತಿ. ನಿವೃತ್ತಿಗೆ ಕೆಲವು ವರ್ಷ ಮೊದಲು ಗ್ರಂಥಾಲಯವೊಂದರಲ್ಲಿ ಏನುಗುಲ ವೀರಾಸ್ವಾಮಿ ಎಂಬವರ ಕಾಶೀಯಾತ್ರಾ ಚರಿತ್ರೆಯ ಇಂಗ್ಲಿಷ್ ಅನುವಾದ ಕೈಗೆ ಸಿಕ್ಕಿತು. ವೀರಾಸ್ವಾಮಿಯವರು ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದವರು. 1830ರ ಮೇ 18ರಂದು ದೊಡ್ಡ ಪರಿವಾರದೊಡನೆ ಮದರಾಸನ್ನು ಬಿಟ್ಟು ಕಾಶಿಗೆ ಹೊರಟವರು, ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಮರಳಿದರು. ದಾರಿಯುದ್ದಕ್ಕೂ ಕಂಡದ್ದನ್ನು ತೆಲುಗಿನಲ್ಲಿ ಬರೆದಿಟ್ಟರು. ಅದು 1838ರಲ್ಲಿ ಅಚ್ಚಾಯಿತು. ಶ್ರೀಶೈಲಕ್ಕೆ ಅವರು ಹೋದದ್ದು ಆತ್ಮಕೂರಿನ ದಾರಿಯಿಂದ. ಆಗ ಆ ಸೀಮೆ ಕರ್ನೂಲಿನ ನವಾಬನದು. ಬ್ರಿಟಿಷರು ಅವನನ್ನು ಪದಚ್ಯುತಗೊಳಿಸಿದ್ದು 1839ರಲ್ಲಿ. ಯಾತ್ರಿಕರಿಂದ ನವಾಬನ ಕಡೆಯವರು ಸುಂಕ ವಸೂಲು ಮಾಡುತ್ತಿದ್ದುದನ್ನು ವೀರಾಸ್ವಾಮಿಯವರು ಬರೆಯುತ್ತಾರೆ. ಮುಂದೆ ಹಾಳೆ ತಿರುವಿದೆ. ನಾಗಲೂಟಿ. ಪೆದ್ದಚೆರುವು. ಭೀಮನ ಕೊಳ್ಳ.

ನಾನು ಪುಸ್ತಕವನ್ನು ಮಡಿಚಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಅವೇ ಹೆಸರುಗಳು, ಅದೇ ಕ್ರಮ. ಓದಲು ಬಾರದ ಬನಹಟ್ಟಿಯ ಹೆಂಗಸು ಕಂಡಿಕೆ ಸುತ್ತುತ್ತ ಹೇಳುತ್ತಿದ್ದ ಪಟ್ಟಿ ಇದು. ಆಕೆಗೆ ಅದನ್ನು ಹೇಳಿಕೊಟ್ಟವಳು ಆಕೆಯ ಅತ್ತೆ, ಅತ್ತೆಗೆ ಹೇಳಿಕೊಟ್ಟವಳು ಮತ್ತಾರೋ ಹಿರಿಯಳು. ವೀರಾಸ್ವಾಮಿಯವರಿಗಿಂತ ಮೊದಲೇ, 1794ರಲ್ಲಿ ಕಾಲಿನ್ ಮೆಕೆಂಜಿ ಶ್ರೀಶೈಲಕ್ಕೆ ಬಂದು ಗುಡಿಯ ಪ್ರಾಕಾರದ ಶಿಲ್ಪಗಳನ್ನು ವರ್ಣಿಸಿದ್ದಾನೆ. ಅವನ ಬರಹ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು. ಅವನೂ ಆ ಸ್ಥಳವನ್ನು ಕರೆಯುವುದು ಶ್ರೀಶೈಲವೆಂದಲ್ಲ, 'ಪರ್ವತ' ಎಂದೇ. ಇವರನ್ನೆಲ್ಲ ನಾನು ಆಧಾರವೆಂದು ಒಪ್ಪಿದೆ. ಅವ್ವನನ್ನು ಒಪ್ಪಲಿಲ್ಲ. ಅಚ್ಚಾದದ್ದು ಮಾತ್ರ ಆಧಾರವೆಂದು ನನಗೆ ಯಾರು ಕಲಿಸಿದರು? ನಾನೇ ಎಷ್ಟು ಮಕ್ಕಳಿಗೆ ಹಾಗೆ ಕಲಿಸಿದೆ?

ಅವ್ವ ಹೇಳುತ್ತಿದ್ದ ಒಂದು ಘಟನೆಯನ್ನು ಇಲ್ಲಿ ಬರೆದಿಡುತ್ತೇನೆ. ಅರವತ್ತರ ದಶಕದ ಕೊನೆಯ ಮಾತು. ದೋರನಾಲದ ಕಡೆಯಿಂದ ಅಷ್ಟರಲ್ಲಾಗಲೇ ಮೋಟಾರು ರಸ್ತೆ ಆಗಿತ್ತು. ಆದರೆ ನೇಕಾರರ ಮನೆಯಲ್ಲಿ ಬಸ್ಸಿನ ದುಡ್ಡು ಎಲ್ಲಿಂದ ಬರಬೇಕು? ಅಲ್ಲದೆ ಹರಕೆ ನಡಿಗೆಯದು. ತಂಡದಲ್ಲಿ ಒಬ್ಬಳು ಬಾಣಂತನ ಮುಗಿದು ಹೆಚ್ಚು ದಿನವಾಗದ ಹೆಣ್ಣುಮಗಳಿದ್ದಳಂತೆ, ಕೂಸನ್ನು ತವರಿನಲ್ಲಿ ಬಿಟ್ಟು ಬಂದಿದ್ದಳು. ನಾಗಲೂಟಿಗೆ ಬರುವಷ್ಟರಲ್ಲಿ ಆಕೆಗೆ ಚಳಿಜ್ವರ. ನಲ್ಲಮಲದ ಚಳಿಜ್ವರವೆಂದರೆ ಆಗ ಊರಿನವರೆಲ್ಲ ಅಂಜುತ್ತಿದ್ದರು. ಅದೇ ರಾತ್ರಿ ಗುಡುಗು, ಗಾಳಿ, ಅಡ್ಡಮಳೆ. ಯುಗಾದಿಗೆ ಮೂರೇ ದಿನ. ನಿಂತರೆ ತೇರು ತಪ್ಪುತ್ತದೆ, ಹೊರಟರೆ ಹೆಣ್ಣುಮಗಳು ಉಳಿಯುವುದಿಲ್ಲ. ತಂಡದ ಗಂಡಸರು ವಿಚಾರ ಮಾಡುತ್ತ ಕುಳಿತರು. ಅವ್ವ ಹೇಳಿದಳಂತೆ: "ನೀವು ನಡೀರಿ. ನಾ ಈಕಿ ಕೂಡ ಇರತೀನಿ. ಮಲ್ಲಯ್ಯ ಇಲ್ಲೂ ಅದಾನ."

ಎರಡು ರಾತ್ರಿ, ಎರಡು ಹಗಲು. ಮಂಟಪದ ಮೂಲೆಯಲ್ಲಿ ಇಬ್ಬರು ಹೆಂಗಸರು. ಗಂಟಿನಲ್ಲಿದ್ದ ಕಟಕ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಅವ್ವ ಆಕೆಗೆ ತಿನ್ನಿಸಿದಳು. ಹೊದೆಯಲು ಇದ್ದದ್ದು ಸಾಲದಾದಾಗ ಭ್ರಮರಾಂಬೆಗೆಂದು ಒಯ್ದಿದ್ದ ಸೀರೆಯನ್ನು ಬಿಚ್ಚಿ ಹೊದಿಸಿದಳು. ಚೆಂಚರ ಮುದುಕಿಯೊಬ್ಬಳು ಮಗನೊಡನೆ ಬಂದು, ಭಾಷೆ ತಿಳಿಯದಿದ್ದರೂ ನೋಡಿ ತಿಳಿದುಕೊಂಡು, ಒಣಕಟ್ಟಿಗೆ ತಂದುಹಾಕಿ ಬೆಂಕಿ ಮಾಡಿಕೊಟ್ಟಳು. ಜ್ವರ ಇಳಿದ ಮೇಲೆ ಆ ಮಗನೇ ಮುಂದೆ ನಡೆದು ಪೆದ್ದಚೆರುವಿನ ತನಕ ಮುಟ್ಟಿಸಿದ. ಬಾಣಂತಿ ಬದುಕಿ ಊರಿಗೆ ಬಂದಳು. ತೇರು ಮಾತ್ರ ಇಬ್ಬರಿಗೂ ತಪ್ಪಿತು. "ದೇವಿಗೆ ಒಯ್ದ ಸೀರಿ ಮೈಲಿಗಿ ಆತಲ್ಲವಾ, ಏನ್ ಮಾಡಿದಿ?" ಎಂದು ನಾನು ಚಿಕ್ಕವನಿದ್ದಾಗ ಕೇಳಿದ್ದೆ. "ಅದನ್ನ ಆ ಮುದುಕಿಗಿ ಕೊಟ್ಟು ಬಂದೆ. ಮಗಳಿಗಿ ಕೊಡೂದು, ಬೀಗಿತಿಗಿ ಕೊಟ್ಟಂಗಾತು" ಎಂದಳು.

ಆ ರಾತ್ರಿ ನಾಗಲೂಟಿಯಲ್ಲಿ ತಲೆಯ ಮೇಲೆ ಕಲ್ಲಿನ ಚಾವಣಿ ಇರದಿದ್ದರೆ ಏನಾಗುತ್ತಿತ್ತು? ಕಟ್ಟಿಸಿದ ಪುಣ್ಯಾತ್ಮನಿಗೆ ಬನಹಟ್ಟಿಯೆಂಬ ಊರಿನ ಹೆಸರೂ ಗೊತ್ತಿರಲಾರದು. ಆದರೂ ಶತಮಾನಗಳ ಆಚೆಯ ಬಾಣಂತಿಯೊಬ್ಬಳಿಗೆ ಅವನು ಆಸರೆ ಕೊಟ್ಟ. ಕಟ್ಟಡವೊಂದರ ಚರಿತ್ರೆಯಲ್ಲಿ ಕಟ್ಟಿದ ವರ್ಷವೊಂದನ್ನೇ ಬರೆದು, ಅದು ಉಳಿಸಿದ ಜೀವಗಳನ್ನು ಬರೆಯದೆ ಬಿಟ್ಟರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಅವ್ವ ನನ್ನನ್ನು ಹಲವು ಸಲ ಕರೆದಳು. "ಒಮ್ಮೆ ನನ್ನ ಜೋಡಿ ನಡದು ಬಾರಪಾ." ಯುಗಾದಿ ಬರುವುದು ಮಾರ್ಚ್–ಏಪ್ರಿಲಿನಲ್ಲಿ, ಹತ್ತನೆಯ ತರಗತಿಯ ಪರೀಕ್ಷೆಯ ಕಾಲ. ವಿಶೇಷ ತರಗತಿ, ಮೇಲ್ವಿಚಾರಣೆ, ಉತ್ತರಪತ್ರಿಕೆಗಳ ಮೌಲ್ಯಮಾಪನ, ಪ್ರತಿ ವರ್ಷವೂ ನನಗೊಂದು ಕಾರಣವಿತ್ತು. ಕಾರಣಗಳೆಲ್ಲ ನಿಜವಾದವೇ. ಆದರೆ ನಿಜವಾದ ಕಾರಣಗಳೂ ಮುಗಿಯುವ ಹೊತ್ತಿಗೆ ತಾಯಿ ಉಳಿದಿರುವುದಿಲ್ಲ. ಆಕೆ 2009ರಲ್ಲಿ ತೀರಿಕೊಂಡಳು. ನಾನು ನಿವೃತ್ತನಾದದ್ದು 2019ರಲ್ಲಿ. ಮುಂದಿನೆರಡು ವರ್ಷ ಕೊರೋನಾ. ಕೊನೆಗೆ 2022ರಲ್ಲಿ ಬನಹಟ್ಟಿಯ ತಂಡದ ಜೊತೆ ಹೊರಟೆ.

ಹುನಗುಂದ, ಲಿಂಗಸೂಗೂರು, ರಾಯಚೂರು, ಕರ್ನೂಲುಗಳ ದಾರಿಯ ವಿವರ ಇಲ್ಲಿ ಬೇಡ. ಕಾಲಿನ ಬೊಕ್ಕೆಗಳ ವಿವರವೂ ಬೇಡ. ಊರೂರಿನಲ್ಲಿ ಜನ ನೀರು, ಮಜ್ಜಿಗೆ, ದಾಸೋಹ ಇಟ್ಟುಕೊಂಡು ಕಾಯುತ್ತಿದ್ದರು ಎಂದಷ್ಟೇ ಹೇಳುತ್ತೇನೆ. ನಾಗಲೂಟಿಗೆ ಬಂದಾಗ ಮಟಮಟ ಮಧ್ಯಾಹ್ನ. ನೂರಾರು ಜನ. ಅವ್ವ ಕುಳಿತ ಮೂಲೆ ಯಾವುದೆಂದು ನನಗೆ ತಿಳಿಯುವುದು ಹೇಗೆ? ಒಂದು ಕಂಬಕ್ಕೆ ಒರಗಿ ಕುಳಿತೆ. ಅಂಗೈಯಿಂದ ಮುಟ್ಟಿದರೆ ಕಂಬ ತಣ್ಣಗೆ, ನುಣುಪಾಗಿತ್ತು. ಎಷ್ಟು ಬೆನ್ನುಗಳು ಒರಗಿದರೆ ಕಲ್ಲು ಹಾಗೆ ನುಣುಪಾಗುತ್ತದೆಯೋ!

ಆ ರಾತ್ರಿ ಪೆದ್ದಚೆರುವಿನಲ್ಲಿ. ದೇವಸ್ಥಾನದವರು ಹಾಕಿಸಿದ್ದ ಶಾಮಿಯಾನ, ನೀರಿನ ಟ್ಯಾಂಕು, ನಮ್ಮ ಕಡೆಯ ಭಕ್ತರ ದಾಸೋಹ. ಸುತ್ತ ಎಲ್ಲಿ ಕೇಳಿದರೂ ಕನ್ನಡ. ತೆಲುಗು ನಾಡಿನ ನಡುಗಾಡಿನಲ್ಲಿ ಬನಹಟ್ಟಿಯ ಸಂತೆಯಲ್ಲಿದ್ದಂತೆ ಭಾಸವಾಗುತ್ತಿತ್ತು. ದೀಪಗಳು ಆರಿದ ಮೇಲೆ ನಿಜವಾದ ಕತ್ತಲು ಬಂತು. ಅವ್ವ ಹೇಳುತ್ತಿದ್ದ ಕತ್ತಲು ಅದು. ದೂರದಲ್ಲಿ ಜಿಂಕೆಯೊಂದು ಕೂಗಿದ್ದು ಕೇಳಿಸಿತು. ಮಗ್ಗುಲಲ್ಲಿ ಮಲಗಿದ್ದ ಹುಡುಗ, "ಸರ್, ಹುಲಿ ಇರಬಹುದ್ರೀ?" ಎಂದ. "ಇರಬೇಕಪಾ, ಅದರ ಮನಿಗೆ ನಾವು ಬಂದೇವಿ" ಎಂದೆ. ಮರುದಿನ ಭೀಮನ ಕೊಳ್ಳಕ್ಕೆ ಇಳಿದು, ಎದುರಿನ ಏರನ್ನು ವೇಮಾರೆಡ್ಡಿಯ ಹೆಸರು ಹೇಳುತ್ತ ಹತ್ತಿ, ಕೈಲಾಸದ್ವಾರದಲ್ಲಿ ನಿಂತೆ. ಆ ವರ್ಷದ ಯುಗಾದಿ ಏಪ್ರಿಲ್ 2ರಂದು. ಎರಡೇ ದಿನಕ್ಕೆ, ಏಪ್ರಿಲ್ 4ರಂದು, ಆ ಸೀಮೆ ಕರ್ನೂಲು ಜಿಲ್ಲೆಯಿಂದ ಬೇರೆಯಾಗಿ ಹೊಸ ನಂದ್ಯಾಲ ಜಿಲ್ಲೆಗೆ ಸೇರಿತು. ಚಾಲುಕ್ಯರು, ರೆಡ್ಡಿಗಳು, ರಾಯರು, ನವಾಬರು, ಕಂಪನಿಯವರು, ಮದರಾಸು, ಆಂಧ್ರ, ಈಗ ನಂದ್ಯಾಲ. ಹೆಸರುಗಳು ಬದಲಾದವು, ಅವ್ವನ ಪಟ್ಟಿ ಬದಲಾಗಲಿಲ್ಲ.

ಈ ದಾರಿ ಮುಂದೆಯೂ ಉಳಿಯುವುದೆ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. 1978ರಲ್ಲಿ ಆ ಕಾಡು ಅಭಯಾರಣ್ಯವಾಯಿತು, 1983ರಲ್ಲಿ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಲುದಾರಿಯನ್ನು ಹಬ್ಬಗಳ ಕಾಲದಲ್ಲಿ ಕೆಲವೇ ದಿನ ತೆರೆಯುತ್ತಾರೆ. ನಮ್ಮ ಕೆಲವು ತರುಣರು ಇದಕ್ಕೆ ಸಿಟ್ಟಾಗುತ್ತಾರೆ. ನಮ್ಮ ದೇವರ ದಾರಿಗೆ ಇವರದೇನು ಕಟ್ಟಳೆ ಎನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ಮಂಟಪಗಳು ಎಂದೂ ಮನೆಗಳಾಗಿರಲಿಲ್ಲ. ವರ್ಷದ ಹೆಚ್ಚಿನ ಕಾಲ ಅವು ಅಡವಿಯವು, ಕೆಲವೇ ದಿನ ನಮ್ಮವು. ಹಿರಿಯರ ಒಪ್ಪಂದವೇ ಅದು. ನಾಗಲೂಟಿಯಿಂದ ಮುಂದೆ ದಾರಿಯ ಎರಡೂ ಬದಿಗೆ ನಾನು ಕಂಡ ನೀರಿನ ಪ್ಲಾಸ್ಟಿಕ್ ಪೊಟ್ಟಣಗಳು ಆ ಒಪ್ಪಂದವನ್ನು ಮುರಿದಿವೆ, ಅರಣ್ಯ ಇಲಾಖೆಯ ಕಟ್ಟಳೆಯಲ್ಲ. ಬೇಸಿಗೆಯ ಒಣ ಎಲೆಗಳ ಮೇಲೆ ಎಸೆದ ಒಂದು ಬೀಡಿಯ ಕಿಡಿ ಸಾಕು, ಚೆಂಚರ ಗುಡೇಮೂ ಹುಲಿಯ ಮನೆಯೂ ಒಂದೇ ಬೆಂಕಿಯಲ್ಲಿ ಹೋಗುತ್ತವೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳ್ಳಿ, ಗುಡಿ, ಹೊಲಗಳನ್ನು ಕಳೆದುಕೊಂಡ ನಮ್ಮ ಜಿಲ್ಲೆಯವರಿಗೆ, ನೆಲೆ ಕಳೆದುಕೊಳ್ಳುವುದೆಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈಗ ನಾನು ಪ್ರತಿ ವರ್ಷ ಹೋಳಿ ಮುಗಿದ ಮೇಲೆ ಬನಹಟ್ಟಿಗೆ ಹೋಗಿ, ಹೊರಡುವ ತಂಡದ ಹುಡುಗರನ್ನು ಕೂಡಿಸಿ ಅರ್ಧ ತಾಸು ಮಾತಾಡುತ್ತೇನೆ. ನಿವೃತ್ತ ಮಾಸ್ತರನ ಪಾಠ ಅವರಿಗೆ ಬೇಸರವಾದರೂ ಗೌರವದಿಂದ ಕೇಳುತ್ತಾರೆ. ಪ್ಲಾಸ್ಟಿಕ್ ಬೇಡ, ತಂಬಿಗೆ ಒಯ್ಯಿರಿ ಎನ್ನುತ್ತೇನೆ. ಚೆಂಚರನ್ನು ಕಂಡರೆ ಫೋಟೋ ತೆಗೆಯುವ ಮೊದಲು ಕೈಮುಗಿಯಿರಿ, ಅವರು ನಮ್ಮ ಬೀಗರು ಎನ್ನುತ್ತೇನೆ. ಕೊನೆಯಲ್ಲಿ ಪಟ್ಟಿಯನ್ನು ಹೇಳಿಸುತ್ತೇನೆ: ಆತ್ಮಕೂರು, ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಮಠದ ಬಾವಿ, ಭೀಮನ ಕೊಳ್ಳ, ಕೈಲಾಸದ ಬಾಗಿಲು. ಹುಡುಗರು ಮಗ್ಗಿಯಂತೆ ಒಪ್ಪಿಸುತ್ತಾರೆ. ಈ ಪಾಠವನ್ನು ಮಾತ್ರ ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.